ಕುರ್ಲಾದಲ್ಲಿ ಹುಟ್ಟಿದ ಫಿಯಟ್, ಉಲ್ಹಾಸನಗರದಲ್ಲಿ ನಿಂತದ್ದು

ಭಾರತದಲ್ಲೇ ಕಾರು ತಯಾರಿಸಬೇಕು ಎಂಬ ಯೋಚನೆಯ ಹಿಂದೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಇದ್ದರು ಎಂಬುದು ಊರಿನಲ್ಲಿ ಅನೇಕರಿಗೆ ಗೊತ್ತಿಲ್ಲ. 1935ರಲ್ಲಿ ಅವರು ಯುರೋಪು, ಅಮೆರಿಕ ಸುತ್ತಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಮುಂಬಯಿಯಲ್ಲಿ ಒಂದು ಕಾರ್ಖಾನೆ ಹಾಕುವ ಯೋಜನೆ ಬರೆದರು. ಅದಕ್ಕೆ ಬೆನ್ನೆಲುಬಾಗಿ ನಿಂತವರು ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್. ಆಗಿನ ಬ್ರಿಟಿಷ್ ಸರ್ಕಾರಕ್ಕೆ ಇದು ಬೇಕಾಗಿರಲಿಲ್ಲ. ಯುದ್ಧದ ಸಮಯದಲ್ಲಿ ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಮಾಡುವ ಮಾತೂ ನಡೆದು, ಅದೂ ಕೈಗೂಡಲಿಲ್ಲ. ಅದೇ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ವಿಮಾನ ಬೆಂಗಳೂರಿಗೆ ಬಂತು. ಕಾರು ಕುರ್ಲಾಕ್ಕೆ ಹೋಯಿತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಯಿತು.

ಕುರ್ಲಾದಲ್ಲಿ ಮೊದಲು ಜೋಡಿಸಿದ್ದು ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್, ಡಿಸೋಟೋ ಎಂಬ ಹಡಗಿನಂಥ ಗಾಡಿಗಳನ್ನು. ಆಮೇಲೆ ಇಟಲಿಯ ಫಿಯಟ್ ಜೊತೆ ಒಪ್ಪಂದವಾಗಿ 1954ರಲ್ಲಿ ಫಿಯಟ್ 1100 ಬಂತು. ಮುಂದಿನ ಬಾಗಿಲು ಹಿಂದಕ್ಕೆ ತೆರೆಯುತ್ತಿದ್ದ, ದುಂಡು ಮೂತಿಯ ಆ ಕಾರಿಗೆ ಮುಂಬಯಿಯವರು ಇಟ್ಟ ಹೆಸರು 'ಡುಕ್ಕರ್ ಫಿಯಟ್'. ಡುಕ್ಕರ್ ಅಂದರೆ ಮರಾಠಿಯಲ್ಲಿ ಹಂದಿ. ಬಯ್ಗುಳವಲ್ಲ, ಪ್ರೀತಿಯೇ! 1964ರಲ್ಲಿ 1100 ಡಿಲೈಟ್ ಬಂತು. 1972ರಲ್ಲಿ ಫಿಯಟ್ ಹೆಸರು ಹೋಗಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಪ್ರೀಮಿಯರ್ ಪದ್ಮಿನಿ. ಹೆಸರು ಬದಲಾದರೂ ಜನ ಕೊನೆಯವರೆಗೂ ಫಿಯಟ್ ಅಂತಲೇ ಕರೆದರು.

ಡಿಲೈಟ್ ಬಂದ ಅದೇ 1964ರಲ್ಲಿ ಅಮೆರಿಕದಲ್ಲಿ ಪಾಂಟಿಯಾಕ್ ಜಿಟಿಒ ಬಂತು. ಸಾಧಾರಣ ಗಾತ್ರದ ಗಾಡಿಗೆ ಆರು ಲೀಟರಿಗೂ ಮಿಕ್ಕಿದ ಇಂಜಿನ್, ಮುನ್ನೂರಕ್ಕೂ ಹೆಚ್ಚು ಕುದುರೆ ಶಕ್ತಿ. ಅಲ್ಲಿಯವರು ಇಂಥವಕ್ಕೆ 'ಮಸಲ್ ಕಾರ್' ಅನ್ನುತ್ತಾರೆ. ನಮ್ಮದು 1089 ಸಿಸಿ, ನಲವತ್ತು ಕುದುರೆ. ಸ್ಟೇರಿಂಗ್ ಪಕ್ಕದಲ್ಲೇ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಆದರೂ ಅದರಲ್ಲಿ ಎಂಟು ಜನ ಕೂತು ಘಾಟಿ ಹತ್ತಿದ್ದಾರೆ. ತಾಕತ್ತಿನ ಲೆಕ್ಕ ಎರಡೂ ದೇಶದಲ್ಲಿ ಬೇರೆ ಬೇರೆ, ಅಷ್ಟೇ.

ಕೊಳ್ಳುವುದೂ ಈಗಿನಂತೆ ಸುಲಭ ಇರಲಿಲ್ಲ. ವರ್ಷಕ್ಕೆ ಎಷ್ಟು ಗಾಡಿ ಮಾಡಬೇಕು ಎನ್ನುವುದು ಲೈಸೆನ್ಸಿನ ಮೇಲೆ. 1969ರಲ್ಲಿ ಕೇಂದ್ರ ಸರ್ಕಾರ ಕಾರಿನ ಬೆಲೆಯನ್ನೂ ತಾನೇ ನಿಗದಿ ಮಾಡಿತು, ಪ್ರೀಮಿಯರ್‌ನವರು ನ್ಯಾಯಬೆಲೆಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಎಂ.ಕಾಂ. ಓದುವಾಗ ಈ ಮೊಕದ್ದಮೆಯನ್ನು ನಾನು ಪಾಠವಾಗಿ ಓದಿದ್ದೆ. ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕು.

ಹಾಗೆ ಕಾದವರಲ್ಲಿ ನನ್ನ ಸೋದರಮಾವ ಒಬ್ಬರು. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಕೊನೆಗೆ ಕಲ್ಯಾಣದಲ್ಲಿ ಸ್ವಂತ ಹೋಟೆಲು ಮಾಡಿದವರು. 1971ರಲ್ಲಿ ಅವರಿಗೆ ಬಿಳಿ ಬಣ್ಣದ ಡಿಲೈಟ್ ಸಿಕ್ಕಿತು. ಪ್ರತಿ ಮೇ ತಿಂಗಳು ಅದು ಊರಿಗೆ ಹೋಗಬೇಕು. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿದು ಅಂಕೋಲಾ, ಅಲ್ಲಿಂದ ಕರಾವಳಿ ಹಿಡಿದು ಕುಂದಾಪುರ. ಎಂಟುನೂರು ಕಿಲೋಮೀಟರಿಗೂ ಹೆಚ್ಚು. ಖಂಡಾಲಾ ಘಾಟಿಯಲ್ಲಿ ರೇಡಿಯೇಟರ್ ಕುದಿಯುತ್ತಿತ್ತು, ಡಿಕ್ಕಿಯಲ್ಲಿ ನೀರಿನ ಡಬ್ಬ ಇದ್ದೇ ಇರುತ್ತಿತ್ತು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ. ಅದಕ್ಕೆ ಮೊದಲು ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಎರಡು ದಿನದ ಹಣ್ಣುಗಾಯಿ ನೀರುಗಾಯಿ. ಹಾಗಾಗಿ ಮಾವನ ಫಿಯಟ್ ಊರಿನ ಅಂಗಳಕ್ಕೆ ಬಂದರೆ ನಮಗೆ ಮಕ್ಕಳಿಗೆ ತೇರು ಬಂದ ಹಾಗೆ.

ನಾನು ಬ್ಯಾಂಕು ಸೇರಿ 1984ರಲ್ಲಿ ಉಲ್ಹಾಸನಗರದ ಶಾಖೆಗೆ ಬಂದೆ. ಊರಿನಲ್ಲಿ ಕೂತವರಿಗೆ ಈ ಊರಿನ ಕಥೆ ಸ್ವಲ್ಪ ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ಇದು ಕಲ್ಯಾಣದ ಪಕ್ಕದ ಮಿಲಿಟರಿ ಕ್ಯಾಂಪು. ದೇಶ ಒಡೆದಾಗ ಸಿಂಧ್ ಪ್ರಾಂತ್ಯದಿಂದ ಬಂದ ನಿರಾಶ್ರಿತರನ್ನು ಈ ಬ್ಯಾರಕ್ಕುಗಳಲ್ಲಿ ಇರಿಸಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಾಜಿಯವರು ಬಂದು ಅಡಿಗಲ್ಲು ಹಾಕಿದರು. ಉಲ್ಹಾಸ್ ನದಿಯಿಂದ ಉಲ್ಹಾಸನಗರ. ಈಗಲೂ ವಿಳಾಸ ಹೇಳುವಾಗ 'ಕ್ಯಾಂಪ್ ನಂಬರ್ ಮೂರು', 'ಕ್ಯಾಂಪ್ ನಂಬರ್ ನಾಲ್ಕು' ಅಂತಲೇ ಹೇಳುವುದು. ಏನೂ ಇಲ್ಲದೆ ಬಂದ ಜನ ಹಪ್ಪಳ, ಬಿಸ್ಕತ್ತು, ಬಟ್ಟೆ, ಫರ್ನಿಚರ್, ಜೀನ್ಸ್, ಎಲ್ಲವನ್ನೂ ಮಾಡಿ ಮಾರಿದರು. 'ಮೇಡ್ ಇನ್ ಯುಎಸ್ಎ' ಅಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಜೋಕು ನಿಮ್ಮ ಕಿವಿಗೂ ಬಿದ್ದಿರಬಹುದು. ಸಾಲ ಕೊಟ್ಟವನಾಗಿ ಒಂದು ಮಾತು ಹೇಳ್ತೇನೆ: ಬ್ಯಾರಕ್ಕಿನ ಅರ್ಧ ಕೋಣೆಯಲ್ಲಿ ವ್ಯಾಪಾರ ಮಾಡುವವನೂ ಕಂತಿನ ತಾರೀಕು ಮರೆಯುತ್ತಿರಲಿಲ್ಲ.

1995ರಲ್ಲಿ ಮಾವ ಕಾರನ್ನು ನನ್ನ ಹೆಸರಿಗೆ ಮಾಡಿಸಿದರು. "ಮಾಣಿ, ಇದನ್ನ್ ನೀನೇ ಇಟ್ಕೋ. ಮಾರೂಕಾಗ" ಅಂದರು. ಮರುವರ್ಷ ತೀರಿಕೊಂಡರು.

ಆಮೇಲೆ ಬಂತು 2005ರ ಜುಲೈ 26. ಆ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಬಿದ್ದದ್ದನ್ನು ಎಲ್ಲರೂ ಓದಿದ್ದೀರಿ. ನಮ್ಮ ಕಡೆ ಉಲ್ಹಾಸ್ ನದಿಯೂ ವಾಲ್ಧುನಿ ನಾಲೆಯೂ ಉಕ್ಕಿ ಬದಲಾಪುರ, ಕಲ್ಯಾಣ, ಉಲ್ಹಾಸನಗರದ ತಗ್ಗು ಜಾಗಗಳೆಲ್ಲ ಮುಳುಗಿದವು. ನಮ್ಮ ಕಟ್ಟಡದ ಕೆಳಗೆ ನಿಂತಿದ್ದ ಫಿಯಟ್‌ಗೆ ಸೀಟಿನ ಮೇಲಿನವರೆಗೆ ನೀರು. ನೀರು ಇಳಿದ ಮೇಲೆ ಒಳಗೆಲ್ಲ ಅಂಗೈ ದಪ್ಪ ಕೆಸರು. ಇಂಜಿನ್ ಜಾಮ್.

ಇಲ್ಲಿ ಒಂದು ತಾಂತ್ರಿಕ ವಿಷಯ. ಹಳೆಯ ಡಾಡ್ಜ್‌ನಂಥ ಗಾಡಿಗೆ ಬೇರೆಯೇ ಚಾಸಿ ಇರುತ್ತದೆ, ಅದರ ಮೇಲೆ ಬಾಡಿ ಕೂರಿಸಿರುತ್ತಾರೆ. ಫಿಯಟ್ 1100ಕ್ಕೆ ಬಾಡಿಯೇ ಚಾಸಿ. ತಳದ ತಗಡು ತುಕ್ಕು ಹಿಡಿದರೆ ಅದು ಬರೀ ತೂತಲ್ಲ, ಗಾಡಿಯ ಬೆನ್ನುಮೂಳೆಯೇ ಹೋದಂತೆ. 2007ರಲ್ಲಿ ಒಬ್ಬ ಮೇಸ್ತ್ರಿ ಕೆಲಸ ಹಿಡಿದ. ಇಂಜಿನ್ ಇಳಿಸಿದ, ಸೀಟು ಬಿಚ್ಚಿದ, ತಳದ ಕೊಳೆತ ತಗಡು ಕತ್ತರಿಸಿದ. ಅಷ್ಟರಲ್ಲಿ ನನಗೆ ಬಡ್ತಿಯ ಜೊತೆ ವರ್ಗ. ಮೊದಲು ಹುಬ್ಬಳ್ಳಿ, ಆಮೇಲೆ ಕೋಲ್ಕತ್ತಾ. ಹೆಂಡತಿ ಮಕ್ಕಳು ಶಾಲೆಯ ಸಲುವಾಗಿ ಇಲ್ಲೇ. ಮೇಸ್ತ್ರಿ ಗ್ಯಾರೇಜು ಮುಚ್ಚಿ ಉತ್ತರ ಪ್ರದೇಶಕ್ಕೆ ಹೋದ. ಇಂಜಿನ್ ಗೋಣಿಚೀಲದಲ್ಲಿ, ಬಾಡಿ ತಾಡಪತ್ರಿಯ ಕೆಳಗೆ. ಬ್ಯಾಂಕಿನಲ್ಲಿ ತೊಂಬತ್ತು ದಿನ ಕಂತು ಬರದಿದ್ದರೆ ಸಾಲವನ್ನು ಎನ್‌ಪಿಎ ಅಂತ ಬರೆಯುತ್ತೇವೆ. ನನ್ನ ಫಿಯಟ್ ಹದಿನಾಲ್ಕು ವರ್ಷದ ಎನ್‌ಪಿಎ.

ಅಷ್ಟರಲ್ಲಿ ಅದನ್ನು ಹೆತ್ತ ಕಾರ್ಖಾನೆಯೂ ಮುಗಿದಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗಲೇ ಪದ್ಮಿನಿಯ ಕಾಲ ಇಳಿಮುಖ. 1994ರಲ್ಲಿ ಪ್ರೀಮಿಯರ್‌ನವರು ಕಲ್ಯಾಣ-ಡೊಂಬಿವಲಿ ಕಾರ್ಖಾನೆಯಲ್ಲಿ ಫ್ರಾನ್ಸಿನ ಪೂಜೋ 309 ತಂದರು, ಕೆಲವೇ ವರ್ಷದಲ್ಲಿ ಅದೂ ನಿಂತಿತು. ಪದ್ಮಿನಿಯ ತಯಾರಿಕೆ ಹೊಸ ಶತಮಾನದ ಆರಂಭದಲ್ಲಿ ಕೊನೆಗೊಂಡಿತು. ಕುರ್ಲಾ ಕಾರ್ಖಾನೆಯ ಜಾಗದಲ್ಲಿ ಈಗ ಕೊಹಿನೂರ್ ಸಿಟಿ ಎಂಬ ಎತ್ತರದ ಕಟ್ಟಡಗಳಿವೆ. ಡೊಂಬಿವಲಿಯಲ್ಲಿ ಕಲ್ಯಾಣ-ಶೀಲ್ ರಸ್ತೆಯ 'ಪ್ರೀಮಿಯರ್ ಗ್ರೌಂಡ್' ಎಂಬ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ, ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಕಪ್ಪು-ಹಳದಿ ಪದ್ಮಿನಿ ರಸ್ತೆಯಿಂದ ಇಳಿಯಿತು.

2020ರಲ್ಲಿ ನಿವೃತ್ತನಾಗಿ ಬಂದೆ. 2021ರ ಮೇ ತಿಂಗಳಲ್ಲಿ ಉಲ್ಹಾಸನಗರದಲ್ಲಿ ಎರಡು ಹಳೆಯ ಕಟ್ಟಡಗಳ ಸ್ಲ್ಯಾಬು ಒಂದೇ ತಿಂಗಳಲ್ಲಿ ಕುಸಿದು ಜನ ಸತ್ತರು. ಇಲ್ಲಿನ ಅನಧಿಕೃತ ಕಟ್ಟಡಗಳದ್ದೇ ಒಂದು ದೊಡ್ಡ ಕಥೆ, 2006ರಲ್ಲಿ ರಾಜ್ಯ ಸರ್ಕಾರ ಅವನ್ನು ಸಕ್ರಮ ಮಾಡಲು ಈ ಊರಿಗೆಂದೇ ಕಾನೂನು ತಂದಿತ್ತು. ನಮ್ಮ ಕಟ್ಟಡದವರೂ ಹೆದರಿ ಕೆಡವಿ ಕಟ್ಟಿಸುವ ತೀರ್ಮಾನ ಮಾಡಿದರು. ಮನೆ ಖಾಲಿ ಮಾಡಬೇಕು, ಕೆಳಗಿನ ಗಾಡಿಯನ್ನೂ ಎತ್ತಬೇಕು. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. "ಪಪ್ಪಾ, ಕೊಟ್ಟುಬಿಡಿ" ಅಂದ ಮಗ. ಸುದ್ದಿ ಹೇಗೋ ಊರಿಗೆ ಮುಟ್ಟಿ ಮಾವನ ಮಗಳು ಫೋನ್ ಮಾಡಿದಳು. ನನಗಿಂತ ಆರು ವರ್ಷ ದೊಡ್ಡವಳು, ಅಕ್ಕ. ಜಗಳ ಮಾಡಲಿಲ್ಲ. "ಅಪ್ಪನ ಗಾಡಿ ಒಂದ್ಸಲ ಅಂಗಳಕ್ಕೆ ಬರ್ಲಿ ಮಾರಾಯ, ಆಮೇಲೆ ಏನಾದ್ರೂ ಮಾಡು" ಅಂದಳು.

ಗಾಡಿಯನ್ನು ಟೆಂಪೋದಲ್ಲಿ ಹಾಕಿ ವಿಠಲವಾಡಿ ಕಡೆಯ ಒಂದು ಶೆಡ್ಡಿಗೆ ಸಾಗಿಸಿದೆ. ಹೊಸ ಮೇಸ್ತ್ರಿ ಎಪ್ಪತ್ತರ ಹತ್ತಿರದವರು, ಜೀವನವಿಡೀ ಟ್ಯಾಕ್ಸಿ ರಿಪೇರಿ ಮಾಡಿದವರು. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಎಣ್ಣೆ ಬಿಟ್ಟು ವಾರಗಟ್ಟಲೆ ನೆನೆಸಿ ಪಿಸ್ಟನ್ ಬಿಡಿಸಿದರು. ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗು ಹಾಕಿದರು. ಸಾಮಾನು ಹುಡುಕಿ ಕುರ್ಲಾದ ಸಿಎಸ್‌ಟಿ ರೋಡಿಗೆ ಎಷ್ಟು ಸಲ ಹೋದೆನೋ. ಟ್ಯಾಕ್ಸಿಗಳು ಗುಜರಿಗೆ ಹೋದದ್ದರಿಂದಲೇ ನನಗೆ ಗೇರ್ ಲಿಂಕೇಜು, ಡೈನಮೋ ಸಿಕ್ಕಿದವು. ಒಂದು ಗಾಡಿ ಬದುಕಲು ಎಷ್ಟು ಗಾಡಿ ಸಾಯಬೇಕು!

ಖರ್ಚಿಗಿಂತ ದೊಡ್ಡ ಪ್ರಶ್ನೆ ಕಾಗದದ್ದು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು. ಮೊದಲ ನೋಂದಣಿಗೆ ಐವತ್ತು ವರ್ಷ ಮೀರಿರಬೇಕು, ಮೂಲರೂಪ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಾಳಿಕೆ. 1971ರ ಡಿಲೈಟ್ ಸರಿಯಾಗಿ ಕೂರುತ್ತದೆ. ಗುರುತಿನವರೆಲ್ಲ "ವಿಂಟೇಜ್ ಮಾಡಿಸಿ ಸಾರ್, ಬೆಲೆ ಬರ್ತದೆ, ಗುಜರಿ ಭಯ ಇಲ್ಲ" ಎಂದರು. ನಾನು ನಿಯಮವನ್ನು ಸಾಲದ ಕಾಗದ ಓದಿದ ಹಾಗೆ ಓದಿದೆ. ವಿಂಟೇಜ್ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ತುಂಬಿಸುವುದು, ರಿಪೇರಿ, ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಊರಿಗೆ ಹೋಗುವುದು ಆ ಪಟ್ಟಿಯಲ್ಲಿ ಇಲ್ಲ.

ಇನ್ನೊಂದು ದಾರಿ ಸಾಮಾನ್ಯ ನೋಂದಣಿಯ ನವೀಕರಣ. ಪ್ರತಿ ಐದು ವರ್ಷಕ್ಕೆ ಗಾಡಿ ತೋರಿಸಿ ಪಾಸು ಮಾಡಿಸಬೇಕು, ಗ್ರೀನ್ ಟ್ಯಾಕ್ಸು ಬೇರೆ. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ಮೀರಿದ ಕಾರಿನ ಶುಲ್ಕ 600ರಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದವಕ್ಕೆ 10,000 ಮಾಡಿದರು. ಲೆಕ್ಕದ ಪುಸ್ತಕ ನೋಡಿದರೆ ವಿಂಟೇಜೇ ಲಾಭ. ಮಗ ಅದನ್ನೇ ಹೇಳುತ್ತಿದ್ದ, ಅವನ ಲೆಕ್ಕ ತಪ್ಪಲ್ಲ.

ಸೀಟಿನ ರೆಕ್ಸಿನ್ ಹಾಕಿಸಲು ಕ್ಯಾಂಪ್ ನಂಬರ್ ಮೂರರ ಒಂದು ಸೋಫಾ ಅಂಗಡಿಗೆ ಹೋಗಿದ್ದೆ. ಅಂಗಡಿಯವನ ತಂದೆ, ಎಂಬತ್ತು ದಾಟಿದ ಸಿಂಧಿ ಮುದುಕರು, ಬಾಗಿಲಲ್ಲಿ ಕೂತಿದ್ದರು. ಶಿಕಾರ್‌ಪುರದಲ್ಲಿ ಹುಟ್ಟಿದವರು, 1947ರಲ್ಲಿ ತಾಯಿಯ ಕೈ ಹಿಡಿದು ಬಂದವರು. ಈ ಗಾಡಿಯಲ್ಲಿ ಎಲ್ಲಿಗೆ ಹೋಗ್ತೀರಿ ಅಂತ ಕೇಳಿದರು. ಊರಿಗೆ, ಎಂಟುನೂರು ಕಿಲೋಮೀಟರು ಅಂದೆ. "ಅಷ್ಟೇನಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮದೂ ಹೆಚ್ಚುಕಮ್ಮಿ ಅಷ್ಟೇ ದೂರ ಇರಬೇಕು" ಅಂದರು. ಅವರು ಹೋಗಿಲ್ಲ, ಇನ್ನು ಹೋಗುವುದೂ ಇಲ್ಲ.

ನಾನು ಸಾಮಾನ್ಯ ನವೀಕರಣಕ್ಕೇ ಅರ್ಜಿ ತುಂಬಿದ್ದೇನೆ. ಊರಿನವರು "ರಿಟೈರ್ ಆದ್ರಲ್ಲ, ಯಾವಾಗ ಬರ್ತೀರಿ" ಅಂತ ಕೇಳುತ್ತಲೇ ಇರುತ್ತಾರೆ. ನಾವು ಬಂದು ನೆಲೆಸುತ್ತೇವೋ ಇಲ್ಲವೋ ಹೇಳಲಾರೆ. ಮೊಮ್ಮಗಳ ಶಾಲೆ ಇಲ್ಲಿದೆ, ನಲವತ್ತು ವರ್ಷದ ಗುರುತಿನ ಜನ ಇಲ್ಲಿದ್ದಾರೆ. ಗಾಡಿ ಮಾತ್ರ ಬರುತ್ತದೆ. ಇಂಜಿನ್ ಈಗ ಹೊಗೆಯಿಲ್ಲದೆ ಓಡುತ್ತಿದೆ. ಬ್ರೇಕಿನ ವೀಲ್ ಸಿಲಿಂಡರು, ಮುಂದಿನ ಬಂಪರಿನ ಕ್ರೋಮು, ಆರ್‌ಟಿಒ ತಪಾಸಣೆ ಬಾಕಿ. ಡಿಕ್ಕಿಯಲ್ಲಿ ನೀರಿನ ಡಬ್ಬ ಇಟ್ಟಾಗಿದೆ.