ಟೇಲರ್ ಮಂಜಿಲಿನ ಕೆಳಗಿನ ಸುರಪುರ

ಸುರಪುರ ನೋಡಲು ಬಂದವರನ್ನು ಊರವರು ಮೊದಲು ಗುಡ್ಡ ಹತ್ತಿಸುತ್ತಾರೆ. ಅಲ್ಲಿರುವುದು ಟೇಲರ್ ಮಂಜಿಲ್. 1858ರಲ್ಲಿ ಬ್ರಿಟಿಷರ ವಿರುದ್ಧ ಕತ್ತಿ ಹಿರಿದ ರಾಜಾ ವೆಂಕಟಪ್ಪ ನಾಯಕನ ಊರಿನಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿಯ ಬಂಗಲೆಗೆ ಇಷ್ಟು ಹೆಸರಿರುವುದು ಹೊರಗಿನವರಿಗೆ ವಿಚಿತ್ರ ಎನಿಸಬಹುದು. ದಾರಿ ತೋರಿಸಿದ ಹಿರಿಯರೊಬ್ಬರಿಗೆ ಹಾಗೇನೂ ಅನ್ನಿಸಿದಂತಿರಲಿಲ್ಲ. "ಟೇಲರ್ ಸಾಹೇಬ್ರು ನಮ್ಮ ರಾಜನ್ನ ಬೆಳೆಸಿದವ್ರು ರೀ" ಎಂದರು. ಎರಡು ಹೆಜ್ಜೆ ನಡೆದು, "ಆದ್ರ ಉಳಿಸಿಕೊಳ್ಳಲಿಲ್ಲ ನೋಡ್ರಿ" ಎಂದೂ ಸೇರಿಸಿದರು.

ಯಾದಗಿರಿ ಜಿಲ್ಲೆಯ ಈ ತಾಲ್ಲೂಕು ಕೇಂದ್ರದ ಸುತ್ತ ಬಂಡೆಗಲ್ಲಿನ ಗುಡ್ಡಗಳು. ಒಂದರ ಮೇಲೊಂದು ಒರಗಿ ನಿಂತ ಉರುಟು ಬಂಡೆಗಳ ಸಂದಿಯಲ್ಲೇ ಮನೆ, ಓಣಿ, ಗುಡಿ ಎಲ್ಲ ಹಬ್ಬಿವೆ. ಇಂಥ ಜಾಗವನ್ನು ರಾಜಧಾನಿಗೆ ಆರಿಸಿಕೊಂಡವರು ಸುಮ್ಮನೆ ಆರಿಸಿರಲಾರರು. ಗೋಸಲ ವಂಶದ ಬೇಡ ನಾಯಕರು ಮೊದಲು ಇದ್ದದ್ದು ಇಲ್ಲಿಗೆ ಹತ್ತಿರದ ವಾಗಣಗೇರಿಯ ಕೋಟೆಯಲ್ಲಿ. 1705ರಲ್ಲಿ ಔರಂಗಜೇಬ ಆ ಕೋಟೆಗೆ ಖುದ್ದಾಗಿ ಮುತ್ತಿಗೆ ಹಾಕಿದ. ಆಗ ಅವನಿಗೆ ಎಂಬತ್ತಾರು ದಾಟಿತ್ತು. ಅವನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಅವನ ಕೈಸೇರಿತು, ನಾಯಕ ಸೇರಲಿಲ್ಲ. ರಾತ್ರೋರಾತ್ರಿ ತಪ್ಪಿಸಿಕೊಂಡ ಪಿಡ್ಡ ನಾಯಕನ ಮನೆತನ ಆಮೇಲೆ ಸುರಪುರವನ್ನು ಕಟ್ಟಿ ಬೆಳೆಸಿತು. ದಿಲ್ಲಿಯ ಬಾದಶಹನಿಗೇ ಸಿಗದವರು ಎಂಬ ಹೆಮ್ಮೆ ಈ ಊರಿನ ನೆತ್ತರಲ್ಲಿದೆ. 1858ರ ಕಥೆಗೂ ಇಲ್ಲಿಂದಲೇ ಬೇರು.

ಫಿಲಿಪ್ ಮೆಡೋಸ್ ಟೇಲರ್ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಹಡಗು ಹತ್ತಿ ಬಂದವನು. ಈಸ್ಟ್ ಇಂಡಿಯಾ ಕಂಪನಿಯ ನೌಕರನಲ್ಲ, ಹೈದರಾಬಾದಿನ ನಿಜಾಮನ ಸೇವೆಯಲ್ಲಿದ್ದವನು. ಠಕ್ಕರ ಮೇಲೆ ಬರೆದ ಕಾದಂಬರಿಯಿಂದ 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ. 1840ರ ದಶಕದ ಆರಂಭದಲ್ಲಿ ಸುರಪುರಕ್ಕೆ ಬಂದಾಗ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ರಾಣಿ ಈಶ್ವರಮ್ಮನಿಗೂ ಮೈದುನನಿಗೂ ಅಧಿಕಾರದ ಜಟಾಪಟಿ. ಸಂಸ್ಥಾನದ ತಲೆಯ ಮೇಲೆ ಸಾಲದ ಹೊರೆ. ಪಟ್ಟಕ್ಕೆ ಬರಬೇಕಾದ ವೆಂಕಟಪ್ಪ ನಾಯಕ ಇನ್ನೂ ಏಳೆಂಟು ವರ್ಷದ ಹುಡುಗ. ಹತ್ತು ವರ್ಷಕ್ಕೂ ಮಿಕ್ಕಿ ಟೇಲರ್ ಇಲ್ಲಿದ್ದು ಕಂದಾಯ, ಲೆಕ್ಕಪತ್ರ ಸರಿಪಡಿಸಿದ. ಬೋನಾಳ ಕೆರೆಯನ್ನು ಸುಧಾರಿಸಿದ. ರಾಜನ ಕೋಳೂರು ಎಂಬ ಊರಿನ ಕಲ್ಗೋರಿಗಳನ್ನು ಅಳೆದು ಬರೆದ. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ.

ಮಂಜಿಲಿನ ಪಡಸಾಲೆಯಲ್ಲಿ ನಿಂತರೆ ಇಡೀ ಸುರಪುರ ಕಣ್ಣಳತೆಯಲ್ಲಿ ಸಿಗುತ್ತದೆ. ಊರಿನಿಂದ ತುಸು ದೂರ, ಊರಿಗಿಂತ ಎತ್ತರ. ಯಾರ ಅಂಗಳದಲ್ಲಿ ಏನು ನಡೆಯುತ್ತಿದೆ ಎಂಬುದು ಇಲ್ಲಿಂದ ಕಾಣುತ್ತದೆ. ಟೇಲರನಿಗೆ ಊರಿನ ಮೇಲೆ ಪ್ರೀತಿ ಇತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಈ ಎತ್ತರದಿಂದ ಬಂದ ಪ್ರೀತಿ ಅದು ಎಂಬುದನ್ನೂ ಮರೆಯಲಾಗದು.

1853ರಲ್ಲಿ ವೆಂಕಟಪ್ಪ ನಾಯಕನಿಗೆ ಆಡಳಿತ ಒಪ್ಪಿಸಿ ಟೇಲರ್ ನಳದುರ್ಗದ ಕಡೆಗೆ ಹೋದ. ನಾಲ್ಕು ವರ್ಷ ಕಳೆಯಿತು. ಉತ್ತರದಲ್ಲಿ ದಂಗೆ ಎದ್ದ ಸುದ್ದಿ ದಖ್ಖನಿಗೂ ಬಂತು. ಸುರಪುರದಲ್ಲಿ ಬೇಡರ ಜೊತೆಗೆ ಅರಬರು, ರೋಹಿಲ್ಲರು ಜಮಾಯಿಸತೊಡಗಿದರು. ರಾಜನ ಮನಸ್ಸು ತಿರುಗಿಸಲೆಂದು ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಒಬ್ಬ ಕ್ಯಾಪ್ಟನ್‌ನನ್ನು ಕಳಿಸಿದ; ಪ್ರಯೋಜನವಾಗಲಿಲ್ಲ. 1858ರ ಫೆಬ್ರುವರಿ 7ರಂದು ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡಮ್‌ನ ಪಡೆ ಬಂದು ಬೀಡುಬಿಟ್ಟಿತು. ಅದೇ ರಾತ್ರಿ ರಾಜನ ಕಡೆಯವರು ಬೀಡಿನ ಮೇಲೆ ಬಿದ್ದರು. ಮರುದಿನದ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ, ಲೆಫ್ಟಿನೆಂಟ್ ಸ್ಟೀವರ್ಟ್ ಗಾಯಗೊಂಡು ಪ್ರಾಣಬಿಟ್ಟ. ಬ್ರಿಟಿಷರಿಗೆ ಇನ್ನಷ್ಟು ಕುಮ್ಮಕ್ಕು ಬರುತ್ತಿದೆ ಎಂದು ತಿಳಿದ ರಾಜ ರಾತ್ರಿಯೇ ಊರು ಬಿಟ್ಟು ಹೈದರಾಬಾದಿಗೆ ಹೋದ. ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್‌ನ ಆಳುಗಳ ಕೈಗೆ ಸಿಕ್ಕಿ ರೆಸಿಡೆಂಟನ ವಶವಾದ.

ಸೆರೆಮನೆಯಲ್ಲಿ ಅವನನ್ನು ನೋಡಿದ್ದನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ರಾಜ 'ಅಪ್ಪಾ' ಎಂದು ತಬ್ಬಿಕೊಂಡನಂತೆ. ತನ್ನನ್ನು ಹುರಿದುಂಬಿಸಿದವರ ಹೆಸರು ಮಾತ್ರ ಹೇಳಲು ಒಪ್ಪಲಿಲ್ಲವಂತೆ. ಕೊಲ್ಲುವುದಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ, ಕಳ್ಳನ ಹಾಗೆ ನೇಣಿಗೆ ಹಾಕಿಸಬೇಡ ಎಂದು ಕೇಳಿಕೊಂಡನಂತೆ. ಈ 'ಅಂತೆ'ಗಳೆಲ್ಲ ಟೇಲರನ ಲೇಖನಿಯವು. ಆದರೂ ಒಳಗಿನ ಮನುಷ್ಯ ಎದ್ದು ಬರುತ್ತಾನೆ. ಸಾಕುತಂದೆ ಎದುರಿಗೆ ಕೂತು ಬಾಯಿ ಬಿಡಿಸಲು ನೋಡಿದರೂ ಜೊತೆಗಾರರ ಹೆಸರು ನುಂಗಿಕೊಂಡ ಇಪ್ಪತ್ತನಾಲ್ಕರ ಹುಡುಗ. ನನ್ನ ಮಟ್ಟಿಗೆ ಅವನ ಬಂಡಾಯದ ದೊಡ್ಡ ಘಳಿಗೆ ಫೆಬ್ರುವರಿಯ ಆ ಕಾಳಗವಲ್ಲ, ಇದು.

ವಿಚಾರಣೆಯಲ್ಲಿ ರಾಜನಿಗೆ ವಿಧಿಸಿದ ಮರಣದಂಡನೆ ಮೊದಲು ಗಡೀಪಾರಿಗೆ, ಆಮೇಲೆ ಗವರ್ನರ್ ಜನರಲ್ ಕಡೆಯಿಂದ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಮದರಾಸಿನ ಹತ್ತಿರದ ಚೆಂಗಲ್ಪಟ್ಟಿನ ಕೋಟೆಗೆ ಒಯ್ಯುವಾಗ, ಮೇ ತಿಂಗಳಲ್ಲಿ, ದಾರಿಯಲ್ಲೇ ರಾಜ ಸತ್ತ. ಕಾವಲಿಗಿದ್ದ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಗುಂಡು ಹೊಡೆದುಕೊಂಡ ಎಂದು ದಾಖಲೆ. ಶಿಕ್ಷೆ ಇಳಿದು, ಬಿಡುಗಡೆಯಾಗುವ ಆಸೆ ಹುಟ್ಟಿದ ಮೇಲೆ ಯಾರಾದರೂ ಹಾಗೆ ಮಾಡಿಕೊಳ್ಳುತ್ತಾರೆಯೇ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾವು ಎಂದು ಜಾತಕದಲ್ಲಿ ಮೊದಲೇ ಇತ್ತೆಂದು ಟೇಲರ್ ಬರೆಯುತ್ತಾನೆ. ಕಾದಂಬರಿಕಾರನಿಗೆ ಬಿಡಲಾಗದ ಎಳೆ, ಸರಿ. ಆದರೆ ವಿಧಿಯ ಮೇಲೆ ಹೊರಿಸಿಬಿಟ್ಟರೆ ಪಿಸ್ತೂಲು ಕೈಗೆಟುಕಿದ್ದು ಹೇಗೆ ಎಂದು ಕೇಳುವವರು ಇರುವುದಿಲ್ಲ.

ಮಂಜಿಲಿಂದ ಇಳಿದು ವೇಣುಗೋಪಾಲಸ್ವಾಮಿ ಗುಡಿಯ ಕಡೆಗೆ ಹೋದರೆ ಬೇರೆಯೇ ಸುರಪುರ. ಶ್ರಾವಣದ ಜಾತ್ರೆಯಲ್ಲಿ ಇಲ್ಲಿ ಹಾಲೋಕುಳಿ. ಜಾರುವ ಕಂಬ ಹತ್ತುವವರ ಮೇಲೆ ನೀರೆರಚಿ ಕೆಡವುವ ಆಟಕ್ಕೆ ಸುತ್ತಲ ಹಳ್ಳಿಗಳೆಲ್ಲ ಸೇರುತ್ತವೆ. ಗರುಡಾದ್ರಿ ಮನೆತನದ ಚಿತ್ರಕಾರರು ಬಂಗಾರದ ರೇಕಿನ ಕೆಲಸಕ್ಕೆ ಹೆಸರಾದದ್ದೂ ಈ ಅರಮನೆಯ ಆಶ್ರಯದಲ್ಲೇ. ಟೇಲರನ ಕಣ್ಣಿಲ್ಲದೆ ಊರನ್ನು ನೋಡಬೇಕೆಂದರೆ ಬರಬೇಕಾದ್ದು ಇಲ್ಲಿಗೆ.

1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು, ದಂಗೆಯ ಕಾಲದಲ್ಲಿ ತಮ್ಮ ಜೊತೆ ನಿಂತದ್ದಕ್ಕೆ. 1948ರವರೆಗೂ ಊರು ನಿಜಾಮನ ಆಳ್ವಿಕೆಯಲ್ಲೇ ಇತ್ತು. ಬಂಡೆದ್ದ ರಾಜನ ಕಥೆಯನ್ನು ಶಾಲೆಯಲ್ಲಿ ಹೇಳಿಕೊಡುವ ಉಮೇದು ಆ ಸರ್ಕಾರಕ್ಕೆ ಏಕಿರಬೇಕು? ಕಿತ್ತೂರು, ನರಗುಂದಗಳ ಹೆಸರು ಬಾಯಲ್ಲಿರುವ ನಮಗೆ ಸುರಪುರದ ಹೆಸರು ತಡವಾಗಿ ತಲುಪಿದ್ದಕ್ಕೆ ಇದೂ ಒಂದು ಕಾರಣವಿರಬೇಕು.