ಗುಟ್ಟು ಕಾಯ್ದ ದವಾಖಾನೆ

ಪರಂಗಿ ಹುಣ್ಣಿನ ಚರಿತ್ರೆಯನ್ನು ಓದುವಾಗ ನನಗೆ ರೋಗಕ್ಕಿಂತ ಕಾನೂನೇ ಭಯಂಕರವೆನಿಸಿದೆ. 1864ರಲ್ಲಿ ಇಂಗ್ಲೆಂಡು ಒಂದು ಶಾಸನ ಮಾಡಿತು. ದಂಡು ಬೀಡುಬಿಟ್ಟ ಊರುಗಳಲ್ಲಿ ಪೋಲೀಸರು ವೇಶ್ಯೆಯೆಂದು ಶಂಕಿಸಿದ ಹೆಣ್ಣನ್ನು ವೈದ್ಯಪರೀಕ್ಷೆಗೆ ಗುರಿಪಡಿಸಬಹುದು; ರೋಗ ಕಂಡರೆ ಮೂರು ತಿಂಗಳವರೆಗೆ ಆಸ್ಪತ್ರೆಯಲ್ಲಿ ಕೂಡಿಹಾಕಬಹುದು. ಅವಳಲ್ಲಿಗೆ ಹೋದ ಸಿಪಾಯಿಗೆ ಮಾತ್ರ ಈ ಕಟ್ಟಳೆಯಿಲ್ಲ! ನ್ಯಾಯವೆಂದರೆ ಇದೇ ತಾನೆ? 1868ರಲ್ಲಿ ಅಂಥದೇ ಶಾಸನ ನಮ್ಮ ದೇಶಕ್ಕೂ ಬಂತು. ಜೋಸೆಫೀನ್ ಬಟ್ಲರ್ ಮೊದಲಾದವರು ವರ್ಷಗಟ್ಟಲೆ ಹೋರಾಡಿದ ಮೇಲೆ ಅಲ್ಲಿ 1886ರಲ್ಲಿ, ಇಲ್ಲಿ 1888ರಲ್ಲಿ ಅದು ರದ್ದಾಯಿತು.

1906ರಲ್ಲಿ ವಾಸರ್‌ಮನ್ನನ ರಕ್ತಪರೀಕ್ಷೆ ಹೊರಬಂತು. ಅದಕ್ಕೂ ಹಿರಿದಾದದ್ದು, ನನ್ನ ಎಣಿಕೆಯಲ್ಲಿ, ಇಂಗ್ಲೆಂಡಿನ 1916ರ ನಿಯಮ: ಪರೀಕ್ಷೆ, ಔಷಧಿ ಎರಡೂ ಉಚಿತ, ಗುಟ್ಟು ಭದ್ರ, ಖರ್ಚಿನ ಮುಕ್ಕಾಲು ಪಾಲು ಸರ್ಕಾರದ್ದು. ಯಾವ ಊರಿನವರೆಂಬ ನಿರ್ಬಂಧವಿಲ್ಲದ್ದರಿಂದ, ನೆರೆಯವರ ಕಣ್ಣಿಗೆ ಅಂಜಿದವರು ಪಕ್ಕದೂರಿನ ದವಾಖಾನೆಗೆ ಹೋಗಬಹುದಾಗಿತ್ತು.