ಸನ್ನೆಕೋಲು ಒತ್ತಿದ ಇಲಿ

ಮರ್ಕಂಜದಂಥ ಅಡಿಕೆಯ ಊರಿನಲ್ಲಿ ಅತಿಥಿಗಳ ಮುಂದೆ ಎಲೆಯಡಿಕೆ ತಟ್ಟೆ ಇಡುವುದು ಮರ್ಯಾದೆ. ಅದಕ್ಕೆ ಹೊಗೆಸೊಪ್ಪು ಸೇರಿದ ಮೇಲೆ ಬಿಡಲಾಗದೆ ಒದ್ದಾಡುವವರನ್ನು ನೀವೂ ಕಂಡಿರಬಹುದು. ಮನೋಬಲವಿಲ್ಲದವರೆಂದು ಅವರನ್ನು ಹಳಿಯುತ್ತೇವೆ.

1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್, ಪೀಟರ್ ಮಿಲ್ನರ್ ಇಲಿಯ ಮಿದುಳಿಗೆ ತೆಳುತಂತಿ ಇಳಿಸಿ, ಸನ್ನೆಕೋಲು ಒತ್ತಿದರೆ ಕಿರುವಿದ್ಯುತ್ ಹರಿಯುವಂತೆ ಮಾಡಿದರು. ಇಲಿ ಒತ್ತುತ್ತಲೇ ಹೋಯಿತು! ಮಿದುಳಿನಲ್ಲಿ ಸುಖದ ಜಾಡಿದೆಯೆಂಬ ಸುಳಿವು ಸಿಕ್ಕಿದ್ದು ಹೀಗೆ. ಹೊಗೆಸೊಪ್ಪಿನ ನಿಕೋಟಿನ್ ಆ ಜಾಡಿನಲ್ಲೇ ಡೋಪಮಿನ್ ಹೆಚ್ಚಿಸುತ್ತದೆ. ಅಡಿಕೆಯ ಅರೆಕೊಲಿನ್ ಕೂಡ ನಿಕೋಟಿನ್ ಗ್ರಾಹಕಗಳನ್ನು ಕೆಣಕುತ್ತದೆ.

1990ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವಿಜ್ಞಾನಿಗಳು ಇಂಥದೇ ಪ್ರಯೋಗ ನಡೆಸಿದರು. ಒತ್ತಿ ಒತ್ತಿ ಸುಖ ಕಂಡ ಇಲಿಗಳಲ್ಲಿ ನೆನಪಿಗೂ ಚಲನೆಗೂ ಸಂಬಂಧಿಸಿದ ನರಕೋಶಗಳ ಕವಲುಗಳು ಹೆಚ್ಚಿದ್ದವು. ತಟ್ಟೆ ಕಂಡೊಡನೆ ತಾನಾಗಿ ಚಾಚುವ ಕೈ ನೋಡಿದಾಗ ನನಗೆ ಆ ಇಲಿಗಳೇ ನೆನಪಾಗುತ್ತವೆ.